ಮೂರು ಎಂದು ಬರೆದದ್ದು

ಸಕಾಯ್, ಮಾರ್ಚ್ 5

ಚಿಝುರು,

ಆಸ್ಪತ್ರೆಯ ಲಕೋಟೆ ನಿನಗೂ ಬಂದಿರಬೇಕು. ನನ್ನದು ನಿನ್ನೆ ಬಂತು. ಬಾಗಿಲಲ್ಲೇ ನಿಂತು ಒಡೆದು ಓದಿದೆ, ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಇನ್ನೂ ಮೈ ಉರಿಯುತ್ತಿದೆ. ಫೋನ್ ಮಾಡಿದರೆ ನೀನು ಹವಾಮಾನದ ಮಾತಾಡಿ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ.

ಮೊದಲ ಸಾಲಿನಲ್ಲಿ ನಮ್ಮ ಸಹಕಾರಕ್ಕೆ ಕೃತಜ್ಞತೆ. ಎರಡನೆಯ ಸಾಲಿನಲ್ಲೂ ಅದೇ. ಮೂರನೆಯದಕ್ಕೆ ಬಂದರೆ, ಔಷಧ ಹಾಕಿಸಿಕೊಂಡವರಿಗೂ ಬರೀ ಉಪ್ಪುನೀರು ಹಾಕಿಸಿಕೊಂಡವರಿಗೂ ನೋವು ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲವಂತೆ. ಆದ್ದರಿಂದ ಕಂಪನಿ ಈ ಔಷಧವನ್ನು ಮುಂದುವರಿಸುವುದಿಲ್ಲವಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ನೀವು ಔಷಧದ ಗುಂಪಿನಲ್ಲಿದ್ದಿರಿ.'

ಅದನ್ನು ನನಗೆ ಕಾಗದ ಬಂದು ಹೇಳಬೇಕಿತ್ತೇ? ಹನ್ನೆರಡು ವರ್ಷ ಮೂತ್ರಕೋಶದೊಳಗೆ ಗಾಜಿನ ಚೂರು ಇಟ್ಟುಕೊಂಡು ಬದುಕಿದವಳು ನಾನು. ಬಸ್ಸು ಓಡಿಸುವ ಕೆಲಸ ಹೋದದ್ದೇ ಇದರಿಂದ. ನಲವತ್ತು ಜನರನ್ನು ಬಸ್ಸಿನಲ್ಲಿ ಕೂರಿಸಿ, ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡುವ ಡ್ರೈವರಮ್ಮನನ್ನು ಯಾವ ಡಿಪೋ ಇಟ್ಟುಕೊಳ್ಳುತ್ತದೆ? ಕಳೆದ ಜುಲೈನಿಂದ ಹದಿನೈದು ದಿನಕ್ಕೊಮ್ಮೆ ಆ ತೆಳು ನಳಿಕೆಯಲ್ಲಿ ಔಷಧ ಒಳಗೆ ಬಿಡಿಸಿಕೊಂಡು, ಅರ್ಧ ಗಂಟೆ ತಡೆದುಕೊಂಡು ಮಲಗುತ್ತಿದ್ದೆವಲ್ಲ, ಮೂರನೆಯ ಸಲಕ್ಕೇ ನನಗೆ ಗೊತ್ತಾಗಿತ್ತು. ದಿನಕ್ಕೆ ಮೂವತ್ತು ಸಲ ಓಡುತ್ತಿದ್ದವಳು ಒಂಬತ್ತು ಸಲಕ್ಕೆ ಬಂದೆ. ಹತ್ತಕ್ಕೆ ಎಂಟಿದ್ದ ನೋವು ಎರಡಕ್ಕೆ ಇಳಿಯಿತು. ಫೆಬ್ರವರಿಯಲ್ಲಿ ಕೊನೆಯ ಸಲ ಹಾಕಿದರು. ಇನ್ನು ಸಿಗುವುದಿಲ್ಲ.

ಕುರಿಹಾರಾ ಡಾಕ್ಟರಿಗೆ ಫೋನ್ ಮಾಡಿದೆ. ಪಾಪ, ಅವರಿಗೆ ದನಿಯೇ ಇರಲಿಲ್ಲ. "ದೊಯ್-ಸಾನ್, ನಂಗೂ ಅರ್ಥ ಆಗ್ತಿಲ್ಲ. ಉಪ್ಪುನೀರಿನೋರಿಗೂ ಇಷ್ಟೊಂದು ವಾಸಿ ಆದ್ರೆ ನಾವೇನು ಮಾಡೋದು?" ಎಂದರು. ಆದರೆ ಒಂದು ದಾರಿ ಉಳಿದಿದೆಯಂತೆ. ಔಷಧದಿಂದ ನಿಜವಾಗಿ ಗುಣವಾದವರು ಕೆಲವರಾದರೂ ಇದ್ದಾರೆ ಎಂದು ಗಟ್ಟಿಯಾಗಿ ತೋರಿಸಿದರೆ ಕಂಪನಿ ಇನ್ನೊಂದು ಸಣ್ಣ ಪರೀಕ್ಷೆ ನಡೆಸಬಹುದು. ಸೆಪ್ಟೆಂಬರಿನಲ್ಲಿ ತೀರ್ಮಾನ.

ನಾನಿದ್ದೇನೆ, ನೀನಿದ್ದೀಯ. ನಿನ್ನ ನೋವೂ ಎಂಟರಿಂದ ಮೂರಕ್ಕೆ ಬಂತು ಎಂದು ನೀನೇ ಹೇಳಿದ್ದೆ. ಇಬ್ಬರೂ ಕಂಪನಿಯವರ ಮುಂದೆ ಹೋಗಿ ಮೇಜು ಗುದ್ದೋಣ. ನೀನು ಗುದ್ದಬೇಡ, ಪಕ್ಕದಲ್ಲಿ ಕೂತಿರು ಸಾಕು. ಗುದ್ದುವ ಕೆಲಸ ನನಗಿರಲಿ. ನಿನ್ನ ಲಕೋಟೆಯ ಕೆಳಗಿನ ಆ ಸಣ್ಣ ಸಾಲನ್ನು ಬರೆದು ಕಳಿಸು.

ಸಿಟ್ಟಿನಲ್ಲಿರುವ
ಫುಸಾಯೆ


ಕ್ಯೋಟೊ, ಮಾರ್ಚ್ 24

ಪ್ರಿಯ ಫುಸಾಯೆ-ಸಾನ್,

ಚಳಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಎರಡು ದಿನ ಗಾಳಿ ಬೀಸಿತು. ಪಕ್ಕದ ಮನೆಯ ಪ್ಲಮ್ ಹೂಗಳು ಉದುರಿ ನಮ್ಮ ಬಾಗಿಲವರೆಗೂ ಬಂದಿವೆ. ಗುಡಿಸಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ. ಇಂಥ ಹೊತ್ತಿನಲ್ಲಿ ನೀವು ಕ್ಷೇಮವೇ ಎಂದು ಕೇಳಲು ಸಂಕೋಚವಾಗುತ್ತದೆ.

ಆಸ್ಪತ್ರೆಯ ಕಾಗದ ನನಗೂ ಬಂದಿದೆ. ಓದಿ ಮೊದಲು ನೆನಪಾದದ್ದು ಕುರಿಹಾರಾ ಡಾಕ್ಟರು. ಒಂಬತ್ತು ಡಾಕ್ಟರುಗಳು 'ಎಲ್ಲ ನಿಮ್ಮ ಮನಸ್ಸಿನಲ್ಲಿದೆ' ಎಂದು ನನ್ನನ್ನು ಕಳಿಸಿದ ಮೇಲೆ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು ನನ್ನ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ಅವರು ಇದಕ್ಕಾಗಿ ಎಷ್ಟು ಶ್ರಮಪಟ್ಟಿದ್ದರು. ಅವರಿಗೆ ಹೀಗಾಗಬಾರದಿತ್ತು.

ಕಂಪನಿಯವರ ಮುಂದೆ ಹೋಗಿ ಕೂರುವುದು ನನ್ನಂಥವಳಿಗೆ ಹೊಂದುವ ಕೆಲಸವಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸಾರು ಕುದಿಸಿದವಳು ಅಲ್ಲಿ ಏನು ಮಾತಾಡಬಲ್ಲೆ? ಸೊಸೆಗೆ ಈಗ ಏಳು ತಿಂಗಳು, ಅವಳ ಕಡೆಯ ಓಡಾಟವೂ ಇದೆ. ನಿಮ್ಮ ಧೈರ್ಯಕ್ಕೆ ನನ್ನ ಮನಸ್ಸಿನ ಬೆಂಬಲ ಸದಾ ಇರುತ್ತದೆ.

ಜೊತೆಗೆ ಸ್ವಲ್ಪ ಒಣ ಯುಬಾ ಕಳಿಸಿದ್ದೇನೆ. ಬರೀ ಸೋಯಾ ಹಾಲಿನ ಕೆನೆ, ಹುಳಿಯಿಲ್ಲ, ಖಾರವಿಲ್ಲ. ನಮ್ಮಂಥವರಿಗೆ ಒಗ್ಗುತ್ತದೆ.

ನಿಮ್ಮ ಆರೋಗ್ಯ ಹಾರೈಸುವ
ಚಿಝುರು ಹಟ್ಟಾ


ಸಕಾಯ್, ಏಪ್ರಿಲ್ 10

ಚಿಝುರು,

ಗಾಳಿಗೆ ಒಂದು ಸಾಲು, ಹೂವಿಗೆ ಎರಡು, ಸೊಸೆಗೆ ಒಂದು, ಯುಬಾಕ್ಕೆ ಮೂರು. ನಾನು ಕೇಳಿದ ಒಂದು ಸಾಲು ಎಲ್ಲಿ?

ನೋವು ಮರಳಿ ಬಂದಿದೆ. ಮೊದಲ ವಾರ ಐದು, ಆಮೇಲೆ ಆರು, ಈಗ ಎಂಟು. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತರೆ ಒಂದು ಅಂಗಿ ಮುಗಿಯುವುದರೊಳಗೆ ಓಡಬೇಕು. ಮೊನ್ನೆ ನಮ್ಮ ಮಾಲೀಕ, "ದೊಯ್-ಸಾನ್, ಟಾಯ್ಲೆಟ್ಟಲ್ಲೇ ಒಂದು ಇಸ್ತ್ರಿ ಮೇಜು ಹಾಕಿಸ್ಲಾ?" ಎಂದ. ತಮಾಷೆಗೇ ಅಂದದ್ದು, ಕೆಟ್ಟವನಲ್ಲ. "ಹಾಕ್ಸಿ, ಜೊತೆಗೊಂದು ಹಾಸಿಗೆನೂ ಹಾಕ್ಸಿ, ಮನೆ ಖಾಲಿ ಮಾಡ್ಕೊಂಡು ಬರ್ತೀನಿ" ಎಂದೆ. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹನ್ನೆರಡು ವರ್ಷ ನೋವಿತ್ತು, ಅಭ್ಯಾಸವಾಗಿತ್ತು. ಏಳು ತಿಂಗಳು ಮನುಷ್ಯಳ ಹಾಗೆ ಬದುಕಿಬಿಟ್ಟೆ ನೋಡು, ಈಗ ಅದೇ ನೋವು ತಡೆಯಲಾಗುತ್ತಿಲ್ಲ. ಆ ಔಷಧ ಒಂದಿತ್ತು, ಅದು ನನಗೆ ಕೆಲಸ ಮಾಡಿತು, ಅದನ್ನು ಈಗ ಎಲ್ಲೋ ಸುರಿದುಬಿಡುತ್ತಾರೆ ಎನ್ನುವುದು ತಲೆಯಿಂದ ಹೋಗುತ್ತಿಲ್ಲ.

ನಿಮ್ಮ ಕ್ಯೋಟೊದವರ ವಿಷಯ ನನಗೆ ಗೊತ್ತು. ಸ್ವಂತ ಮನೆಗೆ ಬೆಂಕಿ ಬಿದ್ದರೂ ಮೊದಲು ಅಕ್ಕಪಕ್ಕದವರ ಹತ್ತಿರ ಹೋಗಿ, ನಿಮಗೆ ಸೆಕೆಯಾಯಿತೇನೋ, ಕ್ಷಮಿಸಿ ಎನ್ನುತ್ತೀರಿ. ಇರಲಿ, ಹುಟ್ಟುಗುಣ. ಆದರೆ ಇಲ್ಲಿ ಉರಿಯುತ್ತಿರುವುದು ನನ್ನ ಮನೆ. ಔಷಧವೋ ಉಪ್ಪುನೀರೋ? ಒಂದು ಪದ ಬರೆ. ಇಲ್ಲದಿದ್ದರೆ ನಾನೇ ಬಂದು ನಿನ್ನ ಬಾಗಿಲು ಬಡಿಯುತ್ತೇನೆ, ನಿನ್ನ ಬೀದಿಯವರೆಲ್ಲ ಕೇಳುವ ಹಾಗೆ.

ಫುಸಾಯೆ


ಕ್ಯೋಟೊ, ಏಪ್ರಿಲ್ 29

ಫುಸಾಯೆ-ಸಾನ್,

ಉಪ್ಪುನೀರು.

ಇಷ್ಟು ಬರೆದು ಎರಡು ದಿನ ಹಾಗೇ ಬಿಟ್ಟಿದ್ದೆ. ಇನ್ನೂ ಹೇಳುವುದಿದೆ. ನನ್ನ ನೋವು ಒಂದು ದಿನವೂ ಇಳಿಯಲಿಲ್ಲ. ಎಂಟು ಇತ್ತು, ಕೆಲವು ದಿನ ಒಂಬತ್ತು.

ನಮಗೆಲ್ಲ ದಿನಚರಿ ಪುಸ್ತಕ ಕೊಟ್ಟಿದ್ದರಲ್ಲ. ಹೋದ ವೇಳೆ, ಮೂತ್ರ ಹಿಡಿದ ಲೋಟದ ಅಳತೆ, ನೋವಿನ ಅಂಕಿ. ನಾನು ಶೌಚಾಲಯದ ಗೋಡೆಗೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ನೇತುಹಾಕಿ ಪೆನ್ಸಿಲಿನಲ್ಲಿ ಗೀಚುತ್ತಿದ್ದೆ. ಅಂಥದ್ದನ್ನು ಹಾಗೇ ಡಾಕ್ಟರ ಕೈಗೆ ಕೊಡಲಾಗುತ್ತದೆಯೇ? ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕೂತು ಪುಸ್ತಕಕ್ಕೆ ಶಾಯಿಯಲ್ಲಿ ಶುದ್ಧಪ್ರತಿ ಮಾಡುತ್ತಿದ್ದೆ.

ಮೊದಲ ಸಲ ಎಂಟು ಇದ್ದದ್ದನ್ನು ಎಂಟು ಎಂದೇ ಬರೆದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ನನ್ನ ಎದುರಿಗೇ ಪುಟ ತಿರುಗಿಸಿದರು. ಅವರ ಭುಜ ಇಳಿದದ್ದನ್ನು ಕಂಡೆ. "ಹಟ್ಟಾ-ಸಾನ್, ನಿಮಗೆ ಏನೂ ಉಪಯೋಗ ಆಗಲಿಲ್ಲ. ತಪ್ಪು ತಿಳೀಬೇಡಿ" ಎಂದು ತಲೆ ಬಗ್ಗಿಸಿದರು. ನನ್ನ ಮಗನ ವಯಸ್ಸು. ಆ ತಲೆಯನ್ನು ನನ್ನಿಂದ ನೋಡಲಾಗಲಿಲ್ಲ. ಮುಂದಿನ ಸಲ ಶುದ್ಧಪ್ರತಿಯಲ್ಲಿ ಆರು ಎಂದು ಬರೆದೆ. ಆಮೇಲೆ ಐದು. ಮೂರು ಎಂದು ಬರೆದ ದಿನ ಅವರು ಕುರ್ಚಿಯಿಂದ ಎದ್ದು ನಿಂತು ನಕ್ಕರು.

ಹೇಗಿದ್ದೀರಿ ಎಂದು ಕೇಳಿದರೆ 'ನಿಮ್ಮ ದಯೆಯಿಂದ ಪರವಾಗಿಲ್ಲ' ಎನ್ನುವುದು ನಾನು ಮಾತು ಕಲಿತಾಗಿನಿಂದ ಹೇಳಿಕೊಂಡು ಬಂದದ್ದು. ಅದನ್ನೇ ಅಂಕಿಯಲ್ಲಿ ಬರೆದೆ. ಸುಳ್ಳು ಎಂದು ಅನ್ನಿಸಲೇ ಇಲ್ಲ. ನಾನೊಬ್ಬಳೇ ಅಲ್ಲ. ಕಾಯುವ ಕೋಣೆಯಲ್ಲಿ ಕನ್ನಡಕದ ಒಬ್ಬರು, "ನಾನೂ ಒಂದೆರಡು ಕಮ್ಮಿ ಮಾಡೇ ಬರೀತೀನಿ, ಡಾಕ್ಟರ್ ಮುಖ ನೋಡಕ್ಕಾಗಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಇನ್ನೂ ಎಷ್ಟು ಜನವೋ.

ಉಪ್ಪುನೀರಿನವರು ಇಷ್ಟೊಂದು ವಾಸಿಯಾದದ್ದು ಹೇಗೆಂದು ಡಾಕ್ಟರಿಗೆ ಅರ್ಥವಾಗುತ್ತಿಲ್ಲ ಎಂದು ಬರೆದಿದ್ದಿರಿ. ಬಹುಶಃ ಹೀಗೆ.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಚಿಝುರು


ಸಕಾಯ್, ಮೇ 3

ಚಿಝುರು ಹಟ್ಟಾ ಅವರಿಗೆ,

ಡಾಕ್ಟರ ಭುಜ ಇಳಿಯಬಾರದೆಂದು ನೀವು ನನ್ನ ಔಷಧವನ್ನು ಚರಂಡಿಗೆ ಸುರಿದಿರಿ. ನಿಮ್ಮ ಮರ್ಯಾದೆ ಬಹಳ ದೊಡ್ಡದು. ಇಂದು ನನ್ನ ನೋವು ಒಂಬತ್ತು, ಇದನ್ನು ನಾನು ಶುದ್ಧಪ್ರತಿ ಮಾಡಿಲ್ಲ.

ಯುಬಾ ಪೊಟ್ಟಣ ವಾಪಸು ಕಳಿಸಿದ್ದೇನೆ. ಇನ್ನು ಕಾಗದ ಬರೆಯಬೇಡಿ.

ಫುಸಾಯೆ ದೊಯ್


ಕ್ಯೋಟೊ, ಜೂನ್ 20

ಫುಸಾಯೆ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ.

ಒಂದೂವರೆ ತಿಂಗಳು ನಿನ್ನ ಕಾಗದವನ್ನು ದಿನಾ ತೆಗೆದು ಓದಿ ನನ್ನನ್ನು ನಾನೇ ಬೈದುಕೊಂಡೆ. ನಿನ್ನೆ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಸಿಟ್ಟು ನಿನ್ನ ಕಡೆ ತಿರುಗಿತು. ಬಟ್ಟಲೊಂದು ಒಡೆಯಿತು. ನಾನೇ ಒಡೆದದ್ದು.

ನವೆಂಬರಿನಲ್ಲಿ ನೀನು ವಾಸಿಯಾದ ಸಂಭ್ರಮಕ್ಕೆ ನನ್ನನ್ನು ಹಿಮೆಜಿಗೆ ಕರೆದುಕೊಂಡು ಹೋದೆ. ಶೌಚಾಲಯವಿಲ್ಲದ ಆ ರೈಲನ್ನೇ ಬೇಕೆಂದು ಆರಿಸಿದೆ. "ಇಬ್ರೂ ಒಂದ್ಸಲಾನೂ ಇಳೀದೆ ಹೋಗ್ಬೇಕು ಕಣೆ, ಪಂದ್ಯ" ಎಂದೆ. ನಾಲ್ಕನೆಯ ನಿಲ್ದಾಣಕ್ಕೇ ನನ್ನ ಬೆನ್ನು ಬೆವರುತ್ತಿತ್ತು. ನೀನು ಕಿಟಕಿಯಾಚೆ ಸಮುದ್ರ ನೋಡುತ್ತ, ಬಸ್ಸು ಓಡಿಸುತ್ತಿದ್ದ ಕಾಲದ ಕಥೆ ಹೇಳುತ್ತಿದ್ದೆ. ಹಿಮೆಜಿಯಲ್ಲಿ ಇಳಿದಾಗ ನನ್ನ ಒಳಬಟ್ಟೆ ಒದ್ದೆಯಾಗಿತ್ತು. ಕೋಟು ಉದ್ದವಿತ್ತು, ಅದರಿಂದ ಮಾನ ಉಳಿಯಿತು. ನೀನು ನನ್ನ ಬೆನ್ನು ತಟ್ಟಿ, "ನೋಡ್ದ್ಯಾ, ಗೆದ್ವಿ" ಎಂದೆ.

ಹನ್ನೊಂದು ವರ್ಷ ಕಾಯುವ ಕೋಣೆಗೆ ನಾನು ಕಾಲಿಟ್ಟ ಕೂಡಲೇ, "ಇವತ್ತು ಏಳಾ? ಎಂಟಾ?" ಎಂದು ನನ್ನ ಮುಖ ನೋಡಿಯೇ ಹೇಳುತ್ತಿದ್ದವಳು ನೀನು. ಒಂದು ಸಲವೂ ತಪ್ಪಿದ್ದಿಲ್ಲ. ನಿನ್ನ ನೋವು ಹೋಯಿತು ನೋಡು, ನನ್ನ ಮುಖ ಓದುವುದೇ ನಿನಗೆ ಮರೆತುಹೋಯಿತು. ನಾನು ಡಾಕ್ಟರಿಗೆ ಮೂರು ಎಂದೆ, ನಿನಗೂ ಮೂರು ಎಂದೆ. ಅವರಿಗೆ ನನ್ನ ಪರಿಚಯ ಎರಡು ವರ್ಷದ್ದು. ನೀನು ಹೇಗೆ ನಂಬಿದೆ? ನಂಬುವುದು ನಿನಗೆ ಅನುಕೂಲವಾಗಿತ್ತು. ನನಗೆ ವಾಸಿಯಾಗಿಲ್ಲ ಎಂದರೆ ನಿನ್ನ ಹಬ್ಬ ಕೆಡುತ್ತಿತ್ತು.

ನಿನ್ನ ಔಷಧ ಹೋಯಿತು ಎಂದು ನನ್ನನ್ನು ಬೈಯುತ್ತೀಯ. ಬೈ, ತಪ್ಪು ನನ್ನದೇ. ಆದರೆ ನನಗೆ ಆ ಏಳು ತಿಂಗಳೂ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ಅದನ್ನು ನಿನ್ನ ಮೂರು ಕಾಗದಗಳಲ್ಲಿ ಒಂದರಲ್ಲೂ ನೀನು ಕೇಳಿಲ್ಲ.

ಚಿಝುರು


ಸಕಾಯ್, ಜೂನ್ 28

ಚಿಝುರು,

ಕಾಗದ ಮೂರು ಸಲ ಓದಿದೆ. ಮೊದಲ ಸಲ ಹರಿದುಹಾಕೋಣ ಎನ್ನಿಸಿತು. ಎರಡನೆಯ ಸಲ ಓದುವಾಗ, ಹನ್ನೊಂದು ವರ್ಷದಲ್ಲಿ ನೀನು ನನ್ನನ್ನು ಏಕವಚನದಲ್ಲಿ ಬೈದದ್ದು ಇದೇ ಮೊದಲು ಎಂದು ಹೊಳೆಯಿತು. ಚೆನ್ನಾಗಿಯೇ ಬೈಯುತ್ತೀಯ.

ಹಿಮೆಜಿಯ ವಿಷಯ ನೀನು ಹೇಳಿದ್ದು ಸರಿ. ನಾನು ನೋಡಲಿಲ್ಲ. ನೋಡಿದ್ದರೆ ಕಾಣುತ್ತಿತ್ತು. ಇದನ್ನು ಬರೆಯಲು ಒಂದು ವಾರ ಬೇಕಾಯಿತು, ನನಗೆ ನಾಚಿಕೆಯಾಗಿದೆ. ಆದರೆ ಸಿಟ್ಟೂ ಹೋಗಿಲ್ಲ, ಎರಡೂ ಒಟ್ಟಿಗೇ ಇವೆ.

ನನ್ನ ಮೇಲೆ ಹೀಗೆ ಹರಿಹಾಯಲು ಬರುವವಳಿಗೆ ಕುರಿಹಾರಾ ಎದುರು ಯಾಕೆ ಬಾಯಿ ಬರುವುದಿಲ್ಲ? ಆ ಕ್ಯಾಲೆಂಡರ್ ಹಾಳೆಗಳು ಇವೆಯೇ? ನೀನು ಏನನ್ನೂ ಎಸೆಯುವವಳಲ್ಲ, ಇರುತ್ತವೆ. ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಹಾಕು. ಸೆಪ್ಟೆಂಬರಿಗೆ ಮೊದಲು ಹೋಗು. ಉಪ್ಪುನೀರಿನವರ ಅಂಕಿ ಸುಳ್ಳು ಎಂದು ಗೊತ್ತಾದರೆ ಔಷಧದವರ ಅಂಕಿ ಎದ್ದು ಕಾಣುತ್ತದೆ. ಇಷ್ಟು ಸರಳವಾಗಿದೆ. ನಾನು ಹತ್ತನೆಯ ಕ್ಲಾಸಿನ ಗಣಿತದಲ್ಲಿ ಫೇಲಾದವಳು, ನನಗೇ ಅರ್ಥವಾಗುತ್ತದೆ.

ನೀನು ಹೋಗದಿದ್ದರೆ ನಾನೇ ಹೇಳುತ್ತೇನೆ. ಆದರೆ ನೀನೇ ಹೇಳಬೇಕು.

ಫುಸಾಯೆ


ಕ್ಯೋಟೊ, ಜುಲೈ 19

ಫುಸಾಯೆ,

ಹೋಗಿ ಬಂದೆ.

"ಹೇಗಿದ್ದೀರಿ ಹಟ್ಟಾ-ಸಾನ್?" ಎಂದರು. "ಒಂಬತ್ತು" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ಹಾಳೆಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಎಲ್ಲಕ್ಕೂ ಜಾಗ ಸಾಲದೆ ಕೆಲವನ್ನು ಅವರ ಮಡಿಲಿಗೆ ಇಟ್ಟೆ. ಪಕ್ಕದಲ್ಲಿ ನನ್ನ ಪುಸ್ತಕ ತೆರೆದಿಟ್ಟರು. ಒಂದೊಂದೇ ತಾರೀಕನ್ನು ಬೆರಳಿಟ್ಟು ನೋಡಿದರು, ತುಂಬ ಹೊತ್ತು.

"ಯಾಕೆ ನಂಗೆ ಹೇಳ್ಲಿಲ್ಲ?" ಎಂದರು.

"ನೀವ್ಯಾಕೆ ಕೇಳ್ಲಿಲ್ಲ?" ಎಂದೆ. "ಇಲ್ಲಿ ಹತ್ತು ನಿಮಿಷ ಕೂರೋದ್ರೊಳಗೆ ನಾನು ಎರಡು ಸಲ ಎದ್ದು ಹೊರಗೆ ಹೋಗ್ತಿದ್ದೆ. ನೋವು ಮೂರಿರೋಳು ಹಾಗೆ ಹೋಗ್ತಾಳಾ ಡಾಕ್ಟ್ರೇ?"

ಅವರು ನನ್ನ ಮುಖ ನೋಡಲಿಲ್ಲ. "ಗಮನಿಸಿದ್ದೆ. ಪುಸ್ತಕದಲ್ಲಿ ಮೂರು ಅಂತಿತ್ತು. ನಂಗೂ ಮೂರೇ ಬೇಕಾಗಿತ್ತು" ಎಂದರು.

ಆಗ ನಾನು ಏನೆಂದೆ ಎಂದು ಪೂರ್ತಿ ನೆನಪಿಲ್ಲ. ಒಂಬತ್ತು ಜನ ನನ್ನ ಮಾತು ನಂಬಲಿಲ್ಲ, ನೀವು ನನ್ನ ಸುಳ್ಳನ್ನು ನಂಬಿದಿರಿ, ನನಗೆ ಎರಡೂ ಒಂದೇ ಆಯಿತು ಎಂದೆನೇನೋ. ದನಿ ಎತ್ತಿದ್ದೆ ಎನ್ನುವುದು ನರ್ಸ್ ಬಾಗಿಲು ತೆರೆದು ಇಣುಕಿದಾಗಲೇ ಗೊತ್ತಾದದ್ದು. ಅವರು ಎದ್ದು ನಿಂತು ಸೊಂಟದವರೆಗೆ ಬಾಗಿ ಕ್ಷಮೆ ಕೇಳಿದರು. ಪರವಾಗಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಇದನ್ನು ಕಂಪನಿಗೆ ತಿಳಿಸುವುದು ತಮ್ಮ ಕರ್ತವ್ಯ, ಉಳಿದವರನ್ನೂ ಕರೆದು ವಿಚಾರಿಸುತ್ತೇನೆ ಎಂದಿದ್ದಾರೆ.

ಚಿಝುರು


ಸಕಾಯ್, ಸೆಪ್ಟೆಂಬರ್ 26

ಚಿಝುರು,

ಮುಗಿಯಿತು. ಕಂಪನಿಯ ಉತ್ತರ ಬಂತು.

ಕುರಿಹಾರಾ ವಿಚಾರಿಸಿದಾಗ ನಮ್ಮ ಆಸ್ಪತ್ರೆಯ ಹದಿನಾರು ಹೆಂಗಸರಲ್ಲಿ ಏಳು ಜನ ಒಪ್ಪಿಕೊಂಡರಂತೆ. ಎಲ್ಲರೂ ಶುದ್ಧಪ್ರತಿ ಮಾಡಿದವರೇ, ಎಲ್ಲರೂ ಡಾಕ್ಟರ ಮುಖ ನೋಡಿ ಕಮ್ಮಿ ಮಾಡಿದವರೇ. ಕಂಪನಿಯವರು ಏನು ಮಾಡಿದರು ಗೊತ್ತೇ? ಈ ಆಸ್ಪತ್ರೆಯ ದಿನಚರಿಗಳನ್ನು ನಂಬಲಾಗುವುದಿಲ್ಲ ಎಂದು ಹದಿನಾರನ್ನೂ ಪಟ್ಟಿಯಿಂದ ತೆಗೆದುಹಾಕಿದರು. ನನ್ನದನ್ನೂ. ಶೌಚಾಲಯದಲ್ಲೇ ಕೂತು, ಕೋಳಿ ಕೆದರಿದಂಥ ಅಕ್ಷರದಲ್ಲಿ, ಇದ್ದದ್ದನ್ನು ಇದ್ದ ಹಾಗೆ ಬರೆದ ನನ್ನ ಪುಸ್ತಕವನ್ನೂ. ಗುಣವಾದವರ ಪೈಕಿ ಎಲ್ಲರಿಗಿಂತ ಚೆನ್ನಾಗಿ ಗುಣವಾದವಳು ನಾನೇ ಆಗಿದ್ದೆನಂತೆ. ನನ್ನನ್ನು ತೆಗೆದ ಮೇಲೆ ಉಳಿದದ್ದು ಇನ್ನೊಂದು ಪರೀಕ್ಷೆಗೆ ಸಾಲುವುದಿಲ್ಲವಂತೆ.

ನಿನ್ನಿಂದ ಹೇಳಿಸಿದವಳು ನಾನೇ. ಆದ್ದರಿಂದ ಈ ಸಲ ಯಾರನ್ನು ಬೈಯಬೇಕೆಂದು ತಿಳಿಯದೆ ಎರಡು ದಿನ ಇಸ್ತ್ರಿಪೆಟ್ಟಿಗೆಯನ್ನು ಬೈದೆ. ಕಂಪನಿಯ ಪ್ರಕಾರ ನನ್ನ ಏಳು ತಿಂಗಳು ನಡೆದೇ ಇಲ್ಲ.

ಕುರಿಹಾರಾ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಆಸ್ಪತ್ರೆಯಿಂದಲೇ ಸಣ್ಣದೊಂದು ಪರೀಕ್ಷೆಗೆ ಅನುಮತಿ ಕೇಳುತ್ತಾರಂತೆ, ದಿನಚರಿ ಡಾಕ್ಟರ ಕೈಗೆ ಬಾರದ ಹಾಗೆ, ಮುಚ್ಚಿದ ಪೆಟ್ಟಿಗೆಗೆ ಹಾಕುವ ಹಾಗೆ. ಸಿಗುತ್ತದೆ ಎಂಬ ಭರವಸೆಯೇನೂ ಇಲ್ಲ. ಅರ್ಜಿಯ ಜೊತೆಗೆ, ನಾನು ವಾಸಿಯಾಗಿದ್ದನ್ನು ಕಣ್ಣಾರೆ ಕಂಡವರ ಹೇಳಿಕೆ ಬೇಕೆಂದರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಕಂಡವಳು ನೀನೊಬ್ಬಳೇ. ಇರುವುದೇ ಒಂದು ಸಾಕ್ಷಿ, ಅದೂ ಸುಳ್ಳುಗಾತಿ. ನನ್ನ ಹಣೆಬರಹ ನೋಡು.

ಬರೆ. ಹೂವು ಬೇಡ, ಗಾಳಿ ಬೇಡ, ನನ್ನ ಬಗ್ಗೆ ಒಳ್ಳೆಯ ಮಾತೂ ಬೇಡ. ಕಂಡದ್ದನ್ನು ಬರೆ.

ಫುಸಾಯೆ


ಕ್ಯೋಟೊ, ಅಕ್ಟೋಬರ್ 8

ಕುರಿಹಾರಾ ಡಾಕ್ಟರಿಗೆ. ಒಂದು ಪ್ರತಿ ಫುಸಾಯೆ ದೊಯ್ ಅವರಿಗೆ.

ಈ ವರ್ಷ ಜನವರಿ 13ರ ಭಾನುವಾರ ಮಧ್ಯಾಹ್ನ ನಾನು ಸಕಾಯ್‌ನಲ್ಲಿ ಫುಸಾಯೆ ದೊಯ್ ಅವರ ಮನೆಯಲ್ಲಿದ್ದೆ. ಇಬ್ಬರೂ ಕೊತಾತ್ಸು ಬಿಸಿಮೇಜಿನ ಹೊದಿಕೆಯೊಳಗೆ ಕಾಲಿಟ್ಟು ಬೆಚ್ಚಗೆ ಕೂತಿದ್ದೆವು. ಒಂದೂಕಾಲಕ್ಕೆ ಅವರು ಕಿತ್ತಳೆ ಹಣ್ಣು ಸುಲಿಯತೊಡಗಿದರು. ಹುಳಿ ತಿಂದರೆ ಈ ಕಾಯಿಲೆಯವರಿಗೆ ಏನಾಗುತ್ತದೆಂದು ನಿಮಗೆ ಗೊತ್ತು. ಅವರು ಆರು ಹಣ್ಣು ತಿಂದರು. ನಾಲ್ಕು ಇಪ್ಪತ್ತರವರೆಗೆ ಕೂತಲ್ಲಿಂದ ಏಳಲಿಲ್ಲ. ಎದುರಿನ ಗೋಡೆಯ ಗಡಿಯಾರ ನೋಡುತ್ತಿದ್ದೆ, ಅದರಿಂದ ಹೇಳುತ್ತಿದ್ದೇನೆ. ಅದೇ ಹೊತ್ತಿನಲ್ಲಿ ನಾನು ಏಳು ಸಲ ಎದ್ದೆ. ಚಹಾಕ್ಕೆ ನೀರಿಡುತ್ತೇನೆ ಎಂದೆ, ಬಟ್ಟಲು ತೊಳೆಯುತ್ತೇನೆ ಎಂದೆ. ನನ್ನ ನೋವು ಒಂಬತ್ತಿತ್ತು.

ನಾನು ನಿಮಗೆ ತಿಂಗಳುಗಟ್ಟಲೆ ಸುಳ್ಳು ಅಂಕಿ ಕೊಟ್ಟವಳು. ಈ ಮಾತನ್ನು ಯಾಕೆ ನಂಬಬೇಕು ಎಂದು ಅರ್ಜಿ ಓದುವವರು ಕೇಳುತ್ತಾರೆ. ಅದಕ್ಕೆ ಕಾರಣ ಬರೆಯುತ್ತೇನೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಫುಸಾಯೆ ದೊಯ್ ಅವರಿಗೂ ಹೇಳಿಲ್ಲ.

ಅವರು ಆರನೆಯ ಹಣ್ಣು ಸುಲಿಯುತ್ತಿದ್ದಾಗ ನಾನು ಅವರನ್ನು ದ್ವೇಷಿಸಿದೆ. ಹನ್ನೊಂದು ವರ್ಷದ ಗೆಳತಿಗೆ ಆ ನೋವು ಮರಳಿ ಬರಲಿ, ಇವತ್ತೇ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ನೋವಿದ್ದೂ ಇಲ್ಲದ ಹಾಗೆ ಕೂರುವವರನ್ನು ನಾನು ಚೆನ್ನಾಗಿ ಬಲ್ಲೆ, ನಾನೂ ಅಂಥವಳೇ. ಅಂಥವರನ್ನು ಕಂಡರೆ ನನಗೆ ಮರುಕವಾಗುತ್ತದೆ. ಆ ದಿನ ನನಗೆ ಮರುಕವಾಗಲಿಲ್ಲ. ಹೊಟ್ಟೆ ಉರಿಯಿತು. ನಿಮ್ಮ ಔಷಧ ಅವರಿಗೆ ಕೆಲಸ ಮಾಡಿತ್ತು.

ಚಿಝುರು ಹಟ್ಟಾ
(ಮೊಹರು)